ಎರಡನೇ ಸಲ ಕೇಳಿ ಉಂಡವನು

ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ, ಕುರುಗೋಡಿನ ತಿಪ್ಪಣ್ಣ. ಹೇಳಿದ್ದು ಒಂದಲ್ಲ, ಮೂರು ಮಾತು.

ನಮ್ಮಪ್ಪ ಯೆಲ್ಲಪ್ಪ ಅಂದು ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂತು ಕಪಿಲೆಯ ಚೀಲ ಹೊಲಿಯುತ್ತಿದ್ದ. ಎತ್ತುಗಳು ಬಾವಿಯಿಂದ ನೀರೆಳೆಯುತ್ತವಲ್ಲ, ಆ ದೊಡ್ಡ ಚರ್ಮದ ಚೀಲ. ಸುತ್ತಿನ ಹಳ್ಳಿಗಳಲ್ಲಿ ಅವನ ಹೊಲಿಗೆಗೆ ಹೆಸರಿತ್ತು. ನನ್ನನ್ನು ಬಳ್ಳಾರಿಯ ಮಿಷನ್ ಶಾಲೆಗೆ ಹಾಕಿ ಬಿ.ಎ.ತನಕ ಓದಿಸುತ್ತೇನೆಂದು ಅವನು ಅಂದದ್ದೇ ತಡ, ಮಾವ ನಕ್ಕುಬಿಟ್ಟ.

"ನಿನ್ನ ಮಗ ಬಿ.ಎ. ಆಗೋದು, ಕುರುಗೋಡು ಗುಡ್ಡ ಎದ್ದು ಬಳ್ಳಾರಿ ಸಂತಿಗೆ ನಡಕೊಂತ ಹೋದಾಗ! ಆದ ಅಂತಾನ ತಿಳಕೊ ಭಾವ. ನಮ್ಮ ಕೇರಿಯವನ ಮುಂದ ಕುಂತು ಪಾಠ ಕೇಳಾಕ ಯಾವ ದೊಡ್ಡ ಜಾತಿ ಮಗ ಬರ್ತಾನ? ಬಂದಾ ಅಂತಾನೂ ತಿಳಕೊ. ಆಮ್ಯಾಲೆ ಇವ ನಮ್ಮನಿ ಸಂಗಟಿ ಮುದ್ದಿ ಉಣ್ಣಂಗಿಲ್ಲ. ನನ್ನ ಮಾತು ನೆನಪಿಟ್ಟಿರು."

ಮೊದಲಿನ ಎರಡನ್ನು ಸುಳ್ಳು ಮಾಡುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ಆ ಸಡಗರದಲ್ಲಿ ಮೂರನೆಯದನ್ನು ಮರೆತೆ. ಹಳ್ಳಿಹಳ್ಳಿಗೆ ಹೋಗಿ ಕ್ರಿಸ್ತನ ಸುವಾರ್ತೆ ಸಾರುವ ನಮ್ಮ ನಾಡಿನ ಉಪದೇಶಿಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವ ತರುಣರು ನನ್ನನ್ನು ಏನಾದರೂ ಬರೆಯಿರಿ ಎಂದು ಕೇಳುತ್ತಾರೆ. ನಾನು ಎಷ್ಟು ಜನರನ್ನು ತಯಾರು ಮಾಡಿದೆ ಎನ್ನುವುದನ್ನು ವರದಿಗಳಲ್ಲಿ ಓದಿಕೊಳ್ಳಲಿ. ವರದಿಯಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಬಿ.ಎ.ಯಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಎದ್ದೆ. ಹಾಸ್ಟೆಲಿನ ಅಡುಗೆಯವನು ನನ್ನ ತಟ್ಟೆಗೆ ಮೂರು ಮೊಳ ದೂರದಿಂದ ಅನ್ನ ಎಸೆಯುತ್ತಿದ್ದ. ತಟ್ಟೆಯಲ್ಲಿ ಬಿದ್ದಷ್ಟನ್ನು ತಿಂದು ಓದಿದ ಪದವಿ ಅದು. ಅದಕ್ಕೆ ಹೆಮ್ಮೆಪಟ್ಟೆ, ಈಗಲೂ ಪಡುತ್ತೇನೆ. ಆದರೆ ಹೆಮ್ಮೆಗೂ ಒಂದು ಅಳತೆ ಬೇಕು. ನಾನು ಕೌಲಬಜಾರಿನ ಬಣ್ಣದವನಿಂದ ನನ್ನ ಕರಿ ಕೊಡೆಯ ಮೇಲೆ 'ದಾವೀದಪ್ಪ, ಬಿ.ಎ.' ಎಂದು ಬಿಳಿ ಅಕ್ಷರದಲ್ಲಿ ಬರೆಸಿದೆ. ಬಳ್ಳಾರಿಯಲ್ಲಿ ಜನ ಕೊಡೆ ಹಿಡಿಯುವುದು ಬಿಸಿಲಿಗೆ. ನಾನು ಹಿಡಿಯುತ್ತಿದ್ದದ್ದು ಓದಿಸುವುದಕ್ಕೆ.

ಪದವಿ ಸಿಕ್ಕ ಮೇಲೆ ಮಿಷನ್ನಿನವರು ನನ್ನನ್ನು ಉಪದೇಶಿಗಳ ಗುರುವಾಗಿ ಇಟ್ಟುಕೊಂಡರು. ಕಂಟೋನ್ಮೆಂಟಿನ ಪ್ರಾರ್ಥನಾಲಯದ ಹಿಂದಿನ ಕೋಣೆಯಲ್ಲಿ ನಮ್ಮ ತರಗತಿ. ಮೊದಲ ದಿನ ನಾನು ಬಾಗಿಲಲ್ಲಿ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಯಾರೋ ದೊಡ್ಡವರು ಬಂದರೆಂದು ನಾನು ತಿರುಗಿ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ನಾನು ಹಾಗೆ ತಿರುಗಿ ನೋಡಿದ್ದನ್ನು ಕಂಡು, ಸಾಲಿನ ತುದಿಯಲ್ಲಿದ್ದ ಒಬ್ಬ ನಗು ನುಂಗಿದ. ಅವನೇ ಗುರುಶಾಂತ. ಬಳ್ಳಾರಿ ಪೇಟೆಯ ಅರಳೆ ವ್ಯಾಪಾರದ ಶೆಟ್ಟರ ಮಗ. ದೀಕ್ಷಾಸ್ನಾನ ಪಡೆದ ದಿನವೇ ಅವನಪ್ಪ ಮನೆಯ ಬಾಗಿಲು ಹಾಕಿಕೊಂಡಿದ್ದರು. ಗುರುಶಾಂತನ ಹೆಂಡತಿಯನ್ನು ಅವಳ ತಂದೆ ತವರಿಗೆ ಕರೆದುಕೊಂಡು ಹೋಗಿದ್ದರು. ಶೆಟ್ಟರ ಮಗ ನನ್ನ ಮುಂದೆ ಚಾಪೆಯ ಮೇಲೆ ಕೂತ. ಮಾವನ ಎರಡನೆಯ ಮಾತೂ ಬಿತ್ತೆಂದು ಆ ವಾರವೇ ಕುರುಗೋಡಿಗೆ ಕಾರ್ಡು ಬರೆದೆ. ಮಾವನಿಗೆ ಓದಲು ಬರುವುದಿಲ್ಲ ಎನ್ನುವುದು ಅಂಚೆಗೆ ಹಾಕಿದ ಮೇಲೆ ನೆನಪಾಯಿತು.

ಪ್ರಸಂಗ, ಎಂದರೆ ದೇವರ ವಾಕ್ಯದ ಭಾಷಣ, ಮಾಡುವುದನ್ನು ಕಲಿಸಲು ನನ್ನಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಯಾವ ಮಾತಿಗೆ ಯಾವ ಕೈ ಎತ್ತಬೇಕು ಎನ್ನುವುದಕ್ಕೆ ಅದರಲ್ಲಿ ಚಿತ್ರಗಳಿದ್ದವು. 'ಪರಲೋಕ' ಎನ್ನುವಾಗ ಬಲಗೈ ಪೂರ್ತಿ ಮೇಲೆ, ಅಂಗೈ ಮುಂದೆ. ಒಂದು ತಿಂಗಳು ಕೋಣೆಯಲ್ಲಿ ಕೈ ಎತ್ತಿಸಿ ಇಳಿಸಿ, ಒಂದು ಬೆಳಿಗ್ಗೆ ಎಲ್ಲರನ್ನೂ ರಸ್ತೆಗೆ ಕರೆದೊಯ್ದೆ. ನಾಲ್ಕು ಜನ ಸೇರಿದರು. ಗುರುಶಾಂತನ ಸರದಿ. ಪರಲೋಕ ಬಂತು, ಕೈ ಮೇಲೆ ಹೋಯಿತು. ಆ ಕಡೆಯಿಂದ ಬರುತ್ತಿದ್ದ ಜಟಕಾ ಅವನೆದುರಿಗೆ ಬಂದು ಗಕ್ಕನೆ ನಿಂತಿತು.

"ಎಲ್ಲಿಗ್ರಿ ಸಾಬ್?" ಎಂದ ಜಟಕಾದವನು.

ನಾನಾಗಿದ್ದರೆ ನೆಲಕ್ಕಿಳಿದುಹೋಗುತ್ತಿದ್ದೆ. ಗುರುಶಾಂತ ಎತ್ತಿದ ಕೈ ಇಳಿಸದೆ, "ಪರಲೋಕಕ್ಕ ಭಾಯಿ. ಬರ್ತೀಯೇನು?" ಎಂದ.

ಜಟಕಾದವನು ಗಡ್ಡ ಕೆರೆದುಕೊಂಡು, "ಬರ್ತೀನ್ರಿ. ಆದ್ರ ಬಾಡಿಗಿ ಎರಡೂ ಕಡೀದು ಕೊಡಬೇಕು. ವಾಪಸ್ ಬರಾಕ ಅಲ್ಲಿಂದ ಸವಾರಿ ಸಿಗಂಗಿಲ್ಲ" ಎಂದ.

ರಸ್ತೆಯೇ ನಕ್ಕಿತು. ನಾಲ್ಕು ಜನ ಇದ್ದಲ್ಲಿ ನಲವತ್ತು ಜನ ಸೇರಿದರು. ಗುರುಶಾಂತ ಆ ಮಾತನ್ನೇ ಹಿಡಿದು, ಹೋಗುವ ಬಾಡಿಗೆಯನ್ನು ಆಗಲೇ ಒಬ್ಬ ಶಿಲುಬೆಯ ಮೇಲೆ ಕೊಟ್ಟಿದ್ದಾನೆ ಎಂದು ಶುರುಮಾಡಿ ಅರ್ಧ ಗಂಟೆ ಮಾತಾಡಿದ. ಜಟಕಾದವನು ಕುದುರೆಗೆ ಹುಲ್ಲು ಹಾಕಿ ಕೂತು ಕೇಳಿದ. ಇಷ್ಟಾದ ಮೇಲೆ ನಾನು ಮಾಡಿದ್ದೇನು? ಪುಸ್ತಕದಲ್ಲಿಲ್ಲದ್ದನ್ನು ಮಾತಾಡಿದನೆಂದು ಅವನಿಗೆ ಐದು ಅಂಕ ಕಡಿಮೆ ಕೊಟ್ಟೆ.

ಈಗ ನನ್ನ ನಿಯಮದ ವಿಷಯಕ್ಕೆ ಬರುತ್ತೇನೆ. ಉಪದೇಶಿಗಳು ಹಳ್ಳಿಗೆ ಹೋದಾಗ ಹೇಗಿರಬೇಕೆಂದು ನಾನೇ ನಿಯಮ ಬರೆದು, ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿದ್ದೆ. ಮೊದಲನೆಯದು ಇದು: 'ಯಾರ ಮನೆಯಲ್ಲಿಯೂ ಅನ್ನಾಹಾರ ಮುಟ್ಟತಕ್ಕದ್ದಲ್ಲ. ತನ್ನ ಬುತ್ತಿಯನ್ನು ತಾನೇ ಒಯ್ಯತಕ್ಕದ್ದು.'

ಇದು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಧಾತು ಸಂವತ್ಸರದ ಬರದಲ್ಲಿ ನಾನು ಎಂಟು ವರ್ಷದವನು. ಗಂಜಿಯ ಸಾಲಿನಲ್ಲಿ ನಿಂತು ಬದುಕಿದವನು. ನಮ್ಮಪ್ಪ ಕ್ರಿಸ್ತಮತಕ್ಕೆ ಸೇರಿದ್ದು ಬರ ಮುಗಿದು, ಬಾವಿಗಳು ತುಂಬಿ, ಕಪಿಲೆಗೆ ಕೈತುಂಬ ಕೆಲಸವಿದ್ದಾಗ. ಆದರೂ ಶಾಲೆಯಲ್ಲಿ, ಗಂಜಿಗಾಗಿ ದೇವರನ್ನು ಬದಲಿಸಿದವರೆಂದು, ನನಗೆ 'ಗಂಜಿ' ಎಂದೇ ಹೆಸರು. "ಏ ಗಂಜಿ, ಇವತ್ತು ಯಾವ ದೇವರ ಮನ್ಯಾಗ ಊಟಲೇ?" ಎನ್ನುತ್ತಿದ್ದರು. ನನ್ನ ಕೈಯಲ್ಲಿ ತಯಾರಾಗುವ ಒಬ್ಬನಿಗೂ ಯಾರೂ ಆ ಮಾತು ಅನ್ನಬಾರದು ಎಂದು ಹಟ ಹಿಡಿದೆ. ಹಟ ಸರಿಯಾದದ್ದೇ. ಅದನ್ನು ನಿಯಮ ಮಾಡಿ ಗೋಡೆಗೆ ಅಂಟಿಸಿದಾಗ ತಪ್ಪಿದೆ.

ಎರಡನೆಯ ವರ್ಷದ ಕೊನೆಗೆ ಒಬ್ಬೊಬ್ಬರನ್ನು ಒಂದೊಂದು ಊರಿಗೆ ಮೂರು ತಿಂಗಳು ಕಳಿಸುವ ಪದ್ಧತಿ. ದಿನಚರಿ ಬರೆದು ತರಬೇಕು. ಅದನ್ನು ನೋಡಿ ನಾನು 'ಯೋಗ್ಯ' ಎಂದು ಬರೆದರೆ ಸರ್ಟಿಫಿಕೇಟು, ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಗುರುಶಾಂತನನ್ನು ಸಿರುಗುಪ್ಪಕ್ಕೆ ಕಳಿಸಿದೆ. ಅಲ್ಲಿಯ ಕೇರಿಯವರು ತಮ್ಮ ಮಕ್ಕಳಿಗೊಂದು ಶಾಲೆ ಬೇಕೆಂದು ಕೇಳಿದ್ದರು. ಅವನು ತಂದ ದಿನಚರಿಯ ಒಂಬತ್ತನೆಯ ದಿನ ಹೀಗಿತ್ತು: 'ಕೇರಿಯ ದುರುಗವ್ವನ ಮನೆಯಲ್ಲಿ ಜೋಳದ ಸಂಗಟಿ, ಪುಂಡಿಪಲ್ಯ ಉಂಡೆ. ಇನ್ನೊಂದು ಸಲ ಕೇಳಿ ಹಾಕಿಸಿಕೊಂಡೆ.'

ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದೆ. 'ಇನ್ನೊಂದು ಸಲ' ಎನ್ನುವುದಕ್ಕೆ ಎರಡು ಗೆರೆ.

"ನಿಯಮ ಗೊತ್ತಿಲ್ಲೇನು?" ಎಂದು ಕೇಳಿದೆ.

"ಗೊತ್ತೈತ್ರಿ ಅಯ್ಯೋರೇ."

"ಮತ್ತೆ?"

"ಬುತ್ತಿ ಹಳಸಿತ್ತು. ಹಸಿವಾಗಿತ್ತು."

"ಒಂದು ಸಲ ಉಂಡದ್ದು ಹಸಿವು. ಎರಡನೆಯ ಸಲ ಕೇಳಿದ್ದು?"

ಅವನು ತಲೆ ತಗ್ಗಿಸಿ, "ಅದನ್ನ ಹ್ಯಾಂಗ ಹೇಳ್ಲಿ, ಅಯ್ಯೋರೇ. ಬರಿಯದ ಬಿಟ್ಟಿದ್ರ ನಿಮಗ ತಿಳೀತಿರಲಿಲ್ಲ. ಬರದೀನಿ" ಎಂದ.

ನಾನು 'ಅಯೋಗ್ಯ' ಎಂದು ಬರೆದೆ. ಆಗ ಅವನು ಒಂದು ಮಾತು ಹೇಳಿದ. ಬೇಡಿಕೊಂಡದ್ದಲ್ಲ, ತಿಳಿಸಿದ್ದು. "'ಜಾತಿ ಬಿಟ್ಟದ್ದು ಆತು, ಹೊಟ್ಟಿಗೇನು ಮಾಡ್ತಾನ ತೋರಿಸಲಿ. ಕೆಲಸದ ಕಾಗದ ತಂದ ದಿನ ಮಗಳನ್ನ ಕಳಸ್ತೀನಿ' ಅಂದಾರ್ರಿ ಹೆಣ್ಣು ಕೊಟ್ಟ ಮಾವ. ಇನ್ನೊಂದು ವರ್ಷ ಅಂದ್ರ ಆಕಿಗೆ ಹೇಳಿ ಕಳಿಸಬೇಕು. ಅದಕ್ಕ ಕೇಳಿದೆ, ಇದು ಖರೇನೇನ್ರಿ?"

"ಖರೆ" ಎಂದೆ. ನಿಯಮ ಪಾಲಿಸಿದ ಸುಖದಲ್ಲಿ ಆ ದಿನ ಊಟ ರುಚಿಯಾಗಿತ್ತೆಂದು ಬರೆದರೆ ನೀವು ನನ್ನನ್ನು ಬೈಯುತ್ತೀರಿ. ಬೈಯಿರಿ, ರುಚಿಯಾಗಿತ್ತು.

ಮಿಷನ್ನಿನ ಮೇಲಧಿಕಾರಿಯಾದ ನಮ್ಮ ಹಿರಿಯ ದೊರೆ ಕಡಿಮೆ ಮಾತಿನವರು. ನನ್ನ 'ಅಯೋಗ್ಯ'ದ ಕಾಗದ ಓದಿ, "ಈ ನಿಯಮ ಯಾರದು?" ಎಂದರು. ನನ್ನದು ಎಂದೆ. "ನೀವು ಸಿರುಗುಪ್ಪದಲ್ಲಿ ಇದನ್ನು ಪಾಲಿಸಿ ನೋಡಿದ್ದೀರೋ?" ಇಲ್ಲ ಎಂದೆ. "ಪಾಲಿಸಿ ಬನ್ನಿರಿ. ಅನಂತರ ಸಹಿ ಮಾಡುವೆನು" ಎಂದರು. ನನ್ನ ಶಿಸ್ತಿಗೆ ಸಿಕ್ಕ ಮರ್ಯಾದೆ ಎಂದುಕೊಂಡು, ಕಂಟೋನ್ಮೆಂಟಿನ ಬೇಕರಿಯಿಂದ ರೊಟ್ಟಿ ಕಟ್ಟಿಸಿಕೊಂಡು, ಕೊಡೆ ಹಿಡಿದು, ಗಾಡಿ ಹತ್ತಿದೆ.

ಕುರುಗೋಡಿನಲ್ಲಿ ಎತ್ತು ಬಿಚ್ಚಿದೆವು. ಮಾವ ಬಾ ಉಣ್ಣು ಎಂದ. "ಕೆಲಸದ ಮ್ಯಾಲೆ ಹೊಂಟೀನಿ ಮಾವ, ಬುತ್ತಿ ತಂದೀನಿ" ಎಂದೆ. ಅವನು ಗಾಡಿಯ ನೆರಳಲ್ಲಿ ನಾನು ಬೇಕರಿ ರೊಟ್ಟಿ ಮುರಿಯುವುದನ್ನು ನೋಡುತ್ತ ನಿಂತಿದ್ದು, ಆಮೇಲೆ ಹೆಗಲಿಗೆ ವಲ್ಲಿ ಹಾಕಿಕೊಂಡು ತಾನೂ ಗಾಡಿ ಹತ್ತಿದ. "ನಾನೂ ಬರ್ತೀನಿ ನಡಿ. ಸಿರುಗುಪ್ಪದಾಗ ಒಂದು ತೊಗಲು ನೋಡೋದೈತಿ" ಎಂದ. ತೊಗಲು ನೋಡುವುದೇನೂ ಇರಲಿಲ್ಲ ಎಂದು ನನಗೆ ಈಗ ಗೊತ್ತು.

ಸಿರುಗುಪ್ಪದ ಕಾಲುವೆಯ ಪಕ್ಕದ ಗದ್ದೆಗಳನ್ನು ದಾಟಿ ಕೇರಿಗೆ ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಗುರುಶಾಂತನ ಗುರು ಬಂದಾನ ಎಂದು ಮೂವತ್ತು ಜನ ಸೇರಿದ್ದರು. ದುರುಗವ್ವ ಎಂಬ ಮುದುಕಿ, ಅವಳೇ ಆ ಕೇರಿಗೆ ಹಿರಿಯಳು, ನನ್ನ ಮುಂದೆ ಕಂಬಳಿ ಹಾಸಿ, ಬಿಸಿ ಸಂಗಟಿಯ ತಟ್ಟೆ ತಂದಿಟ್ಟಳು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ನಾವು ಹೊಟ್ಟೆಗಾಗಿ ಬರುವವರಲ್ಲ, ನಿಮ್ಮ ಆತ್ಮಗಳಿಗಾಗಿ ಬರುವವರು, ಆದ್ದರಿಂದ ಉಣ್ಣುವುದಿಲ್ಲ ಎಂದು ಮೂರು ಭಾಗದ ಒಂದು ಪ್ರಸಂಗವನ್ನೇ ಮಾಡಿ ತಟ್ಟೆಯನ್ನು ಎರಡು ಬೆರಳಿಂದ ಆಚೆ ಸರಿಸಿದೆ.

ಮೊದಲು ಒಬ್ಬ ಎದ್ದ. ಆಮೇಲೆ ಇಬ್ಬರು ಹೆಂಗಸರು. ಯಾರೂ ಜಗಳವಾಡಲಿಲ್ಲ, ಯಾರೂ ಬೈಯಲಿಲ್ಲ. ಕೆಲಸವಿದ್ದವರ ಹಾಗೆ ಒಬ್ಬೊಬ್ಬರೇ ಎದ್ದು ಹೋದರು. ನಾನು ಮೂರನೆಯ ಭಾಗ ಮುಗಿಸುವಾಗ ಕೇಳುವವರು ಇಬ್ಬರೇ: ದುರುಗವ್ವ, ನಮ್ಮ ಮಾವ. ಸರಿಸಿದ ತಟ್ಟೆ ಮಾವನ ಮುಂದಿತ್ತು. ಅವನು ಉಣ್ಣುತ್ತಿದ್ದ.

"ನಿನ್ನ ಶಿಷ್ಯ ಶೆಟ್ರ ಮಗ ಅಂತ. ಅವ ಉಂಡ. ನೀ ಯಾರ ಮಗನಪ್ಪಾ, ಇಷ್ಟು ದೊಡ್ಡಾವ?" ಎಂದಳು ದುರುಗವ್ವ.

ನಾನು ಕೊಡೆ ನೋಡಿದೆ. ಅದರ ಮೇಲೆ ಆ ಉತ್ತರ ಇರಲಿಲ್ಲ.

ಮಾವ ತುತ್ತು ನುಂಗಿ, "ನಮ್ಮಕ್ಕನ ಮಗ. ಇವರಪ್ಪ ಕುರುಗೋಡು ಯೆಲ್ಲಪ್ಪ, ಕಪಿಲಿ ಹೊಲಿಯಾಂವ" ಎಂದ.

"ಯೆಲ್ಲಪ್ಪನ ಮಗನಾ!" ಮುದುಕಿ ಹತ್ತಿರ ಬಂದು ನನ್ನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ನಿಮ್ಮಪ್ಪ ಹೊಲಿದ ಕಪಿಲಿ ನಮ್ಮ ಗೌಡರ ಬಾವ್ಯಾಗ ಇನ್ನೂ ಐತಿ. ಒಂದ ಹನಿ ಸೋರಂಗಿಲ್ಲ. ಅಂಥಾವನ ಹೊಟ್ಟ್ಯಾಗ ಹುಟ್ಟಿ ನೀ ಎಲ್ಲಿ ಸೋರಿಹೋದಿ?"

ನನಗೆ ಬಂದ ಮಾತು ಇಷ್ಟೇ: "ಅವ ಎರಡನೇ ಸಲ ಕೇಳಿ ಉಂಡನಂತಲ್ಲವ್ವಾ, ಯಾಕ?"

"ಅದನ್ನ ಅವ ಹೇಳಿಲ್ಲೇನು?" ಅವಳು ಕೂತಳು. "ಮೊದಲನೇ ಸಲ ತಟ್ಟಿ ಇಟ್ಟಾಗ ಅವ ಉಣ್ಣಾಕ ಹಿಂದಮುಂದ ನೋಡಿದ. ಅವರ ಕುಲದಾಗ ಯಾರೂ ಮುಟ್ಟಿದ್ದಲ್ಲ. ಕಣ್ಣು ಮುಚ್ಚಿ ನುಂಗಿದ, ಔಷಧಿ ನುಂಗಿದಂಗ. ಆಗ್ಲಿ, ನಮಗ ತೋರಸಾಕ ಉಣ್ತಾನ, ಆಚೆ ಹೋಗಿ ಕಾರ್ತಾನ ಅಂದ್ಕೊಂಡೆ. ಹಂಗ ತೋರಸಾಕ ಉಂಡಾವ್ರನ್ನ ಕಂಡೀನಿ. ಒಂದೀಟು ಹೊತ್ತಿನ ಮ್ಯಾಲೆ ಕಣ್ಣು ತಗದು, ತಟ್ಟಿ ಮುಂದ ಚಾಚಿ, 'ಯವ್ವಾ, ಪುಂಡಿಪಲ್ಯ ಭಾಳ ಚಲೋ ಐತಿ, ಇನ್ನೊಂದೀಟು ಹಾಕು' ಅಂದ. ತೋರಸಾಕ ಉಣ್ಣಾವ ಎರಡನೇ ಸಲ ಕೇಳಂಗಿಲ್ಲಪ್ಪಾ. ಆಗ ನಂಬಿದೆ."

ನಾನು ಎರಡು ಗೆರೆ ಎಳೆದ ಜಾಗ ಅದು.

ಹಸಿವಿಲ್ಲದವನು ಕೇಳುವುದು ಎಷ್ಟು ಕಷ್ಟ ಎನ್ನುವುದು ಆ ದಿನ ತಿಳಿಯಿತು. "ನನಗೂ ಹಾಕವ್ವ" ಎಂದೆ. "ತಣ್ಣಗಾಗೇತಿ" ಎಂದಳು. "ಆಗ್ಲಿ" ಎಂದೆ. ತಂದು ಹಾಕಿದಳು. ಹತ್ತು ವರ್ಷ ಅನ್ನ, ಬ್ರೆಡ್ಡು ತಿಂದ ಬಾಯಿ. ಸಂಗಟಿಯನ್ನು ಅಗಿಯಬಾರದು, ಉಂಡೆ ಮಾಡಿ ನುಂಗಬೇಕು ಎನ್ನುವುದನ್ನೇ ಮರೆತಿದ್ದೆ. ಅಗಿದೆ. ಹಲ್ಲಿಗೆಲ್ಲ ಮೆತ್ತಿ ಬಾಯಿ ಬಿಡಲಾಗಲಿಲ್ಲ.

"ಲೇ ಅಳಿಯ, ಇದನ್ನ ಬಿ.ಎ. ಒಳಗ ಕಲಿಸಿಲ್ಲೇನು?" ಎಂದು ಮಾವ ಕೂಗಿ ನಕ್ಕ. ಆ ನಗೆಗೆ ಗುಡಿಸಲುಗಳಿಂದ ಜನ ಇಣುಕಿದರು. ಬಿ.ಎ. ಓದಿದವನು ಸಂಗಟಿ ಉಣ್ಣಲು ಒದ್ದಾಡುವುದನ್ನು ನೋಡಲು ಹೋದವರೆಲ್ಲ ಮರಳಿ ಬಂದು ಕೂತರು. ನನ್ನ ಜೀವಮಾನದಲ್ಲಿ ಅಷ್ಟು ಜನ ಅಷ್ಟು ಲಕ್ಷ್ಯಕೊಟ್ಟು ನನ್ನನ್ನು ಕಂಡದ್ದಿಲ್ಲ. ಆಮೇಲೆ ಪ್ರಸಂಗ ಮಾಡಲು ಬಾಯಿ ಬರಲಿಲ್ಲ. ಅವರೂ ಕೇಳಲಿಲ್ಲ. "ಆ ಶೆಟ್ರ ಹುಡುಗನ್ನ ಯಾವಾಗ ಕಳಸ್ತಿ? ಸಾಲಿಗೆ ಜಾಗ ಬಳದು ಇಟ್ಟೀವಿ" ಎಂದಷ್ಟೇ ಕೇಳಿದರು.

ಬಳ್ಳಾರಿಗೆ ಬಂದು 'ಅಯೋಗ್ಯ'ದ ಮೊದಲಕ್ಷರ ಹೊಡೆದುಹಾಕಿದೆ. ದೊರೆ ಅದನ್ನು ನೋಡಿ ಸಹಿ ಮಾಡಿದರು. ಗೋಡೆಯ ನಿಯಮವನ್ನೂ ತಿದ್ದಿದೆ: 'ಕೊಟ್ಟದ್ದನ್ನು ಉಣ್ಣತಕ್ಕದ್ದು. ಎರಡನೆಯ ಸಲ ಕೇಳತಕ್ಕದ್ದು.' ಬುದ್ಧಿ ಬಂತೆಂದುಕೊಂಡಿರಾ? ಮರುವರ್ಷ ಒಬ್ಬ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ. ಹಿಟ್ಟು ತೀರಿದ ಮನೆಯಲ್ಲಿ ಎರಡನೆಯ ಸಲ ಕೇಳಿದ್ದಕ್ಕೆ ಆ ಮನೆಯಾಕೆ ಮೂರು ಮನೆ ಅಲೆದು ಹಿಟ್ಟು ತಂದಳಂತೆ. ಆಮೇಲೆ ಗೋಡೆಯ ಕಾಗದವನ್ನೇ ಕಿತ್ತೆ. ಹೊಸಬರೇ, ನಾನು ಹೇಳಬಲ್ಲದ್ದು ಇಷ್ಟು: ಮೊದಲು ಗಡಿಗೆಯನ್ನು ನೋಡಿ, ಆಮೇಲೆ ಬಡಿಸುವವರ ಮುಖ ನೋಡಿ. ನಿಯಮ ನೋಡುವುದು ಕೊನೆಗೆ.

ಗುರುಶಾಂತನಿಗೆ ಸರ್ಟಿಫಿಕೇಟು ಕೊಟ್ಟ ದಿನ ಕಂಟೋನ್ಮೆಂಟಿನ ಪ್ರಾರ್ಥನಾಲಯಕ್ಕೆ ಮಾವನನ್ನು ಕರೆಸಿದ್ದೆ. ಅವನು ನಮ್ಮ ಮತಕ್ಕೆ ಬಂದವನಲ್ಲ, ಕೊನೆಯವರೆಗೂ ಬರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಹೊರಗೆ ಬೇಲಿಯಾಚೆ ಒಂದು ಕಮಾನಿನ ಗಾಡಿ ನಿಂತಿತ್ತು. ಗುರುಶಾಂತನಿಗೆ ಹೆಣ್ಣು ಕೊಟ್ಟ ಮಾವ ಗಾಡಿಯಿಂದ ಇಳಿಯಲಿಲ್ಲ, ಒಳಗೆ ಬರಲಿಲ್ಲ. ಆದರೆ ಗಾಡಿಯೊಳಗೆ ಮಗಳು ಕೂತಿದ್ದಳು, ಅವಳ ಪೆಟ್ಟಿಗೆ ಪಕ್ಕದಲ್ಲಿತ್ತು.

ದೊರೆ ಸಹಿ ಮಾಡಿದ ಕಾಗದವನ್ನು ನಾನೇ ಕೊಟ್ಟೆ. ಗುರುಶಾಂತ ಎರಡೂ ಕೈಯಿಂದ ತೆಗೆದುಕೊಂಡು, ಗಾಡಿಯ ಕಡೆಗೆ ಓಡುವವನು, ಬಾಗಿಲ ಹತ್ತಿರ ನಿಂತು ಅದನ್ನು ನಮ್ಮ ಮಾವನ ಕೈಗೆ ಕೊಟ್ಟ.

ಮಾವ ಕಾಗದವನ್ನು ತಿರುವಿ ಮುರುವಿ ನೋಡಿ, "ಏನು ಬರದೀಯೋ ಓದಲೇ ಅಳಿಯ" ಎಂದ.

ಓದಿದೆ. ವೇದಪಾಠದಲ್ಲಿ ತೃಪ್ತಿಕರ, ಪ್ರಸಂಗದಲ್ಲಿ ತೃಪ್ತಿಕರ, ನಡತೆ ಉತ್ತಮ.

"ದುರುಗವ್ವನ ಮನ್ಯಾಗ ಎರಡನೇ ಸಲ ಕೇಳಿ ಉಂಡಾನ ಅಂತ ಎಲ್ಲೈತಿ?"

"ಅದು ಇಲ್ಲ ಮಾವ. ಇದು ಅಚ್ಚಿನ ಕಾಗದ. ಅದಕ್ಕ ಇದರಾಗ ಜಾಗ ಇಲ್ಲ."

ಮಾವ ಕಾಗದವನ್ನು ಜೋಪಾನವಾಗಿ ಗುರುಶಾಂತನ ಕೈಗಿಟ್ಟು, ನನ್ನ ಕೊಡೆಯನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡ.

"ಇಷ್ಟು ಓದಿ, ಬರಿಬೇಕಾದ್ದನ್ನ ಬಿಟ್ಟು ಉಳಿದದ್ದೆಲ್ಲ ಬರದೀಯಲ್ಲೋ."